ಸಂಬಳ ಮನೆಗೆ, ಬತ್ತಾ ದಾರಿಗೆ

ಲಾರಿ ಡ್ರೈವರನ ಬದುಕಿಗೆ ಎರಡು ಲೆಕ್ಕ. ತಿಂಗಳಿಗೊಮ್ಮೆ ಮಾಲೀಕ ಎಣಿಸಿಕೊಡುವ ಸಂಬಳ ಒಂದು, ಟ್ರಿಪ್ಪಿಗೊಮ್ಮೆ ಕೈಸೇರುವ ಬತ್ತಾ ಇನ್ನೊಂದು. ಸರ್ಕಾರಿ ಕಾಗದದಲ್ಲಿ ಇದು ಭತ್ಯೆ, ಕೆಲವರ ಬಾಯಲ್ಲಿ ಬೇಟಾ. ಸಂಬಳ ಮನೆಗೆ ಹೋಗಬೇಕು, ಬತ್ತಾದಲ್ಲಿ ದಾರಿ ಸಾಗಬೇಕು ಎಂಬುದು ಕಸುಬಿನಲ್ಲಿ ಯಾರೂ ಬರೆದಿಡದ ಕಟ್ಟಳೆ. ಊಟ, ಚಹಾ, ಬೀಡಿ, ಸ್ನಾನದ ಸೋಪು, ಜ್ವರ ಬಂದರೆ ಮಾತ್ರೆ, ಎಲ್ಲವೂ ಬತ್ತಾದಲ್ಲೇ. ಅದರಲ್ಲೂ ನಾಲ್ಕು ಕಾಸು ಉಳಿಸಿ ಮನೆಗೆ ತಂದವನನ್ನು ಊರು ಸಂಸಾರವಂತ ಎಂದಿತು. ಸಂಬಳವನ್ನೂ ದಾರಿಗೇ ಸುರಿದವನನ್ನು ಏನೆಂದಿತು ಎಂದು ಬರೆಯಬೇಕಿಲ್ಲ.

1970ರ ದಶಕದಲ್ಲಿ ಕ್ಲೀನರಾಗಿ ಲಾರಿ ಹತ್ತಿ, 2010ರ ಆಸುಪಾಸಿನಲ್ಲಿ ಸ್ಟೇರಿಂಗ್ ಬಿಟ್ಟ ತಲೆಮಾರು ಈಗ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದೆ. ಶಿರಾ, ಹಿರಿಯೂರು, ರಾಣೆಬೆನ್ನೂರು, ಬ್ಯಾಡಗಿ, ಶಿಗ್ಗಾವಿಯಂಥ ಊರುಗಳಲ್ಲಿ ಬಸ್ ನಿಲ್ದಾಣದ ಸರ್ಕಲ್ಲಿಗೆ ಕಟ್ಟಿದ ಶ್ರದ್ಧಾಂಜಲಿಯ ಫ್ಲೆಕ್ಸುಗಳಲ್ಲಿ ಖಾಕಿ ಅಂಗಿಯ ಒಂದು ಹಳೆಯ ಫೋಟೊ ಆಗಾಗ ಕಾಣುತ್ತದೆ. ಹುಟ್ಟಿದ ದಿನ, ತೀರಿದ ದಿನ, ಮಕ್ಕಳು ಮೊಮ್ಮಕ್ಕಳ ಹೆಸರು, ಅಷ್ಟೇ. ನಡುವೆ ಓಡಿದ ಲಕ್ಷಗಟ್ಟಲೆ ಕಿಲೋಮೀಟರಿನ ಲೆಕ್ಕ ಅದರಲ್ಲಿ ಇರುವುದಿಲ್ಲ.

ಈ ಕಸುಬಿಗೆ ಶಾಲೆಯಿರಲಿಲ್ಲ. ಓದು ತಲೆಗೆ ಹತ್ತದ, ಅಥವಾ ಹತ್ತಿದರೂ ಮನೆಯಲ್ಲಿ ಓದಿಸಲಾಗದ ಹುಡುಗ ಹದಿನಾಲ್ಕು ಹದಿನೈದರ ವಯಸ್ಸಿಗೆ ಪಕ್ಕದ ಬೀದಿಯ ಡ್ರೈವರನ ಹಿಂದೆ ಹೊರಡುತ್ತಿದ್ದ. ಹಳೆ ಮೈಸೂರಿನ ಕಡೆ ಆ ಡ್ರೈವರ್ ಅವನಿಗೆ ‘ಅಣ್ಣ’, ಹುಬ್ಬಳ್ಳಿ ಕಡೆ ‘ಉಸ್ತಾದ’. ಬೆಳಿಗ್ಗೆ ಎದ್ದವನ ಮೊದಲ ಕೆಲಸ ರೇಡಿಯೇಟರಿಗೆ ನೀರು, ಎರಡನೆಯದು ಆಯಿಲ್ ಕಡ್ಡಿ ಎತ್ತಿ ನೋಡುವುದು. ಮೂರನೆಯದು ಕಿವಿಯ ಪರೀಕ್ಷೆ. ಟಾಮಿ ರಾಡು ಹಿಡಿದು ಒಂದೊಂದೇ ಟಯರಿಗೆ ಬಡಿಯುತ್ತ ಗಾಡಿ ಸುತ್ತಬೇಕು. ಗಾಳಿ ತುಂಬಿದ್ದರೆ ರಾಡು ಪುಟಿದು ಠಣ್ಣನೆ ವಾಪಸು ಬರುತ್ತದೆ, ಗಾಳಿ ಇಳಿದಿದ್ದರೆ ‘ದಬ್’ ಎಂದು ಕೂತುಬಿಡುತ್ತದೆ. ಹಿಂದಿನ ಜೋಡಿ ಟಯರುಗಳಲ್ಲಿ ಒಳಗಿನದು ಪಂಕ್ಚರಾದರೆ ಕಣ್ಣಿಗೆ ಬೀಳುವುದಿಲ್ಲ, ಸದ್ದಿನಲ್ಲೇ ಹಿಡಿಯಬೇಕು. ಆ ಸದ್ದು ಗುರುತಿಸಲು ಬಾರದ ಹುಡುಗನಿಗೆ ಸ್ಟೇರಿಂಗ್ ಮುಟ್ಟುವ ಭಾಗ್ಯವಿಲ್ಲ.

ತಾಡಪಾಲು ಹೊದಿಸಿ ಹಗ್ಗ ಬಿಗಿಯುವುದು ಎರಡನೆಯ ವಿದ್ಯೆ. ಹತ್ತಿ ಅಂಡಿಗೆಗೆ ಒಂದು ಬಗೆ, ಮೆಣಸಿನಕಾಯಿ ಚೀಲಕ್ಕೆ ಒಂದು ಬಗೆ, ಈರುಳ್ಳಿಗಂತೂ ಗಾಳಿಯಾಡುವಂತೆ ಸಂದು ಬಿಡಬೇಕು. ಹಿಮ್ಮುಖವಾಗಿ ಗಾಡಿ ಹಾಕಿಸುವುದು ಮೂರನೆಯದು. ಹಿಂದೆ ನಿಂತು ‘ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!’ ಎಂದು ಕೂಗುತ್ತ ಬಾಡಿಯ ಹಲಗೆಗೆ ಅಂಗೈಯಿಂದ ಬಡಿಯಬೇಕು. ಘಾಟಿಯಲ್ಲಿ ಮರದ ತುಂಡು ಹಿಡಿದು ಬಾಗಿಲಲ್ಲೇ ನೇತಾಡುತ್ತ, ಗಾಡಿ ಹಿಂದೆ ಜಾರುವ ಸುಳಿವು ಸಿಕ್ಕರೆ ಹಾರಿ ಚಕ್ರಕ್ಕೆ ಕೊಡಬೇಕು. ಇಷ್ಟೂ ಕಲಿಯಲು ನಾಲ್ಕೈದು ವರ್ಷ ಬೇಕಾಗುತ್ತಿತ್ತು. ಅಷ್ಟರಲ್ಲಿ ಕಾಯಿದೆ ಕೇಳುವ ಇಪ್ಪತ್ತು ವರ್ಷವೂ ತುಂಬುತ್ತಿತ್ತು. ಸಾಮಾನು ಸಾಗಿಸುವ ಗಾಡಿ ಓಡಿಸಲು ಮೋಟಾರು ವಾಹನ ಕಾಯಿದೆಯ ಕನಿಷ್ಠ ವಯಸ್ಸು ಅದು. ಎಂಟನೆಯ ತರಗತಿ ಓದಿರಬೇಕೆಂಬ ನಿಯಮ ಬಂದದ್ದು ಬಹಳ ತಡವಾಗಿ. 2019ರಲ್ಲಿ ಅದನ್ನು ತೆಗೆಯಲು ತೀರ್ಮಾನವೂ ಆಯಿತು. ಈ ತಲೆಮಾರಿಗೆ ಅದರ ಬಿಸಿ ಅಷ್ಟಾಗಿ ತಟ್ಟಲಿಲ್ಲ.

ಅವರ ಕೈಗೆ ಬಂದ ಗಾಡಿಗಳಲ್ಲಿ ಹೆಚ್ಚಿನವು ಟಾಟಾ. ಜಮ್ಶೆಡ್‌ಪುರದಲ್ಲಿ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಕಟ್ಟಲು ತೊಡಗಿತು. 1969ಕ್ಕೆ ಒಪ್ಪಂದ ಮುಗಿದು, ಮುಂಭಾಗದ ಮೂರು ಮೂಲೆಯ ನಕ್ಷತ್ರ ಹೋಗಿ ಟಾಟಾ ಗುರುತು ಬಂದರೂ ಹಳಬರು ಎಷ್ಟೋ ವರ್ಷ ‘ಬೆಂಜ್ ಲಾರಿ’ ಎಂದೇ ಕರೆದರು. ಮದರಾಸಿನ ಎಣ್ಣೂರಿನಿಂದ ಬರುತ್ತಿದ್ದ ಅಶೋಕ್ ಲೇಲ್ಯಾಂಡಿಗೂ ತನ್ನದೇ ಭಕ್ತರಿದ್ದರು. ಅದರ ಹತ್ತು ಚಕ್ರದ ‘ಟಾರಸ್’ ಎಷ್ಟು ಬಳಕೆಗೆ ಬಂತೆಂದರೆ, ಯಾವ ಕಂಪನಿಯದಾದರೂ ಹತ್ತು ಚಕ್ರದ ಗಾಡಿಗೆ ಟಾರಸ್ ಎಂಬುದೇ ಹೆಸರಾಯಿತು. ಟಾಟಾದ ನಂಬರುಗಳು ಡ್ರೈವರ್ ಮನೆಯ ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ. 1210 ಎಂದರೆ ಗಾಡಿಯೂ ಸರಕೂ ಸೇರಿ ಸುಮಾರು 12 ಟನ್, 100 ಅಶ್ವಶಕ್ತಿ. 1612 ಎಂದರೆ 16 ಟನ್, 120. 1986ರಲ್ಲಿ ಬಂದ ಪುಟ್ಟ 407ಕ್ಕೂ ಇದೇ ಸೂತ್ರ.

ಆ ಗಾಡಿಗಳಿಗೆ ಪವರ್ ಸ್ಟೇರಿಂಗ್ ಇರಲಿಲ್ಲ. ಲೋಡಿರುವ ಲಾರಿಯನ್ನು ನಿಂತಲ್ಲೇ ತಿರುಗಿಸಬೇಕಾದರೆ ಡ್ರೈವರ್ ಸೀಟಿನಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಚಕ್ರದ ಮೇಲೆ ಹಾಕುತ್ತಿದ್ದ. ಎಂಜಿನ್ನು ಕ್ಯಾಬಿನ್ನಿನೊಳಗೇ, ಎಡಗಾಲಿಗೆ ಅಂಟಿಕೊಂಡಂತೆ. ಬೇಸಿಗೆಯಲ್ಲಿ ಬಳ್ಳಾರಿ ಕಡೆ ಹೊರಟರೆ ಒಳಗೂ ಒಲೆ, ಹೊರಗೂ ಒಲೆ. ಲಾರಿ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾದದ್ದು 2025ರ ಅಕ್ಟೋಬರ್ 1ರಿಂದೀಚೆಗೆ ತಯಾರಾದ ಗಾಡಿಗಳಿಗೆ. ಅದನ್ನು ನೋಡಲು ಆ ತಲೆಮಾರಿನ ಎಷ್ಟೋ ಮಂದಿ ಇರಲಿಲ್ಲ.

ಗೇರು ಬದಲಿಸುವುದು ಇನ್ನೊಂದು ಕಸರತ್ತು. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಎಕ್ಸಲೇಟರ್ ಒಂದು ಸಲ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕಬೇಕು. ಹೊತ್ತು ತಪ್ಪಿದರೆ ಹಲ್ಲಿಗೆ ಹಲ್ಲು ಕಚ್ಚಿ ‘ಕರ್’ ಎನ್ನುತ್ತದೆ, ಪಕ್ಕದಲ್ಲಿದ್ದವರು ನಗುತ್ತಾರೆ. ಬಯಲಿನಲ್ಲಿ ಇದು ನಗೆ, ಘಾಟಿಯಲ್ಲಿ ಪ್ರಾಣ. ಸಕಲೇಶಪುರ ದಾಟಿ ಗುಂಡ್ಯಕ್ಕೆ ಇಳಿಯುವ ಶಿರಾಡಿ, ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವ ಅರಬೈಲು, ಎರಡರಲ್ಲೂ ಹಿರಿಯರ ಪಾಠ ಒಂದೇ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಬ್ರೇಕನ್ನೇ ನಂಬಿ ಇಳಿದರೆ ಡ್ರಮ್ಮು ಕಾದು ಲೈನರ್ ಹಿಡಿತ ಬಿಡುತ್ತದೆ, ಸುಟ್ಟ ವಾಸನೆ ಮೂಗಿಗೆ ಬಂದಾಗ ತಡವಾಗಿರುತ್ತದೆ. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ಲಿನಲ್ಲಿ ಇಳಿಸುವವರು ಇಲ್ಲವೆಂದಲ್ಲ. ಉಳಿಸಿದ ಡೀಸೆಲ್ ತಮ್ಮದಾಗುತ್ತದೆಂಬ ಲೆಕ್ಕಕ್ಕೆ ಜೀವವನ್ನೇ ಅಡವಿಟ್ಟವರವರು.

ದುಡಿಮೆಯ ಹೊತ್ತಿಗೆ ಕಾನೂನು ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು. ಆದರೆ ಅದು ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ. ಸಣ್ಣ ಊರಿನ ಮಾಲೀಕನ ಬಳಿ ಇರುತ್ತಿದ್ದುದು ಒಂದು, ಹೆಚ್ಚೆಂದರೆ ಎರಡು ಲಾರಿ. ಹಾಗಾಗಿ ಕಾಯಿದೆ ಹೊರಗೇ ನಿಂತಿತು, ಡ್ರೈವರ್ ರಾತ್ರಿಯಿಡೀ ಓಡಿಸಿದ. ಕಣ್ಣು ಎಳೆದಾಗ ಮುಖಕ್ಕೆ ನೀರು, ಮತ್ತೊಂದು ಚಹಾ, ಕ್ಲೀನರ್ ಹುಡುಗನಿಗೆ ‘ಏನಾದ್ರೂ ಮಾತಾಡ್ತಾ ಇರೋ’ ಎಂಬ ಅಪ್ಪಣೆ.

ಈಗ ಬತ್ತಾದ ಒಳಗುಟ್ಟು. ಹೊರಡುವಾಗ ಮಾಲೀಕ ಒಂದು ಮೊತ್ತ ಕೊಡುತ್ತಿದ್ದ, ಮಿಕ್ಕಿದ್ದು ಸರಕು ಇಳಿದ ಊರಿನಲ್ಲಿ ಬಾಡಿಗೆಯಿಂದ ಮುರಿದುಕೊಳ್ಳಬೇಕು. ಡೀಸೆಲ್, ಗಾಳಿ, ಗ್ರೀಸು, ಪಂಕ್ಚರ್, ಹಮಾಲಿ, ವೇ ಬ್ರಿಜ್ಜು, ಚೆಕ್‌ಪೋಸ್ಟು, ಹೆಸರು ಹೇಳದ ಮಾಮೂಲು. ಎಲ್ಲವನ್ನೂ ಅಂಗಿ ಜೇಬಿನ ಪುಟ್ಟ ಪುಸ್ತಕದಲ್ಲಿ ಬರೆಯಬೇಕು. ಮಾಮೂಲಿಗೆ ರಸೀದಿ ಸಿಗುವುದಿಲ್ಲವಾದ್ದರಿಂದ ಅದು ‘ಇತರೆ ಖರ್ಚು’ ಆಗುತ್ತಿತ್ತು. ಕರ್ನಾಟಕ 1979ರಲ್ಲಿ ಊರೂರಿನ ಆಕ್ಟ್ರಾಯ್ ಸುಂಕವನ್ನು ರದ್ದು ಮಾಡಿದಾಗ ಆ ಪುಸ್ತಕದ ಎಷ್ಟೋ ಸಾಲುಗಳು ಒಮ್ಮೆಗೇ ಕಡಿಮೆಯಾದವು. ಮಹಾರಾಷ್ಟ್ರದ ಗಡಿ ದಾಟಿದರೆ ಮತ್ತೆ ಅದೇ ಸಾಲು, ಅದೇ ಕಾಯುವಿಕೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ತೆರಿಗೆಯ ಚೆಕ್‌ಪೋಸ್ಟುಗಳು ಮುಚ್ಚುವ ಹೊತ್ತಿಗೆ ಈ ತಲೆಮಾರು ನಿವೃತ್ತಿಯಾಗಿತ್ತು. ಟ್ರಿಪ್ ಮುಗಿದು ಊರಿಗೆ ಬಂದ ಮೇಲೆ ಮಾಲೀಕನ ಮುಂದೆ ಕೂತು ಲೆಕ್ಕ ಒಪ್ಪಿಸುವುದು ಓಡಿಸಿದ್ದಕ್ಕಿಂತ ಕಷ್ಟದ ಕೆಲಸ ಎಂದು ಹಳಬರು ಹೇಳುವುದುಂಟು.

ಬತ್ತಾ ಉಳಿಸುವ ಖಚಿತ ದಾರಿ ಕೈಯಡುಗೆ. ಬಾಡಿಯ ಕೆಳಗಿನ ಪೆಟ್ಟಿಗೆಯಲ್ಲಿ ಜಾಕಿ, ಸ್ಪ್ಯಾನರುಗಳ ಪಕ್ಕದಲ್ಲೇ ಸೀಮೆಎಣ್ಣೆ ಪಂಪ್ ಸ್ಟೌ, ಅಕ್ಕಿ, ಬೇಳೆ, ಮನೆಯಿಂದ ತಂದ ಸಾರಿನ ಪುಡಿ. ಮುಂಬೈ, ಸೂರತ್ತಿಗೆ ಹೋಗುವವರು ಗಾಡಿಯ ನೆರಳಲ್ಲೇ ಅನ್ನ ಬೇಯಿಸಿದರು. ರಾಜ್ಯದೊಳಗಿನ ಓಡಾಟವಾದರೆ ಹೋಟೆಲು. ಶಿರಾ, ಹಿರಿಯೂರಿನ ಕಡೆ ಮುದ್ದೆ, ದಾವಣಗೆರೆ ದಾಟಿದರೆ ಜೋಳದ ರೊಟ್ಟಿ. ಊಟದ ತಟ್ಟೆ ನೋಡಿದರೆ ಸಾಕು, ಯಾವ ಊರಿನ ಹತ್ತಿರ ಬಂದಿದ್ದೇವೆಂದು ಮೈಲಿಗಲ್ಲು ನೋಡದೆ ಹೇಳಬಹುದಿತ್ತು. ನಿಲ್ಲಿಸಿದ ಗಾಡಿಗೆ ಡ್ರೈವರನ ಊಟ ಪುಕ್ಕಟೆ ಕೊಡುವ ಢಾಬಾಗಳು ಬಸ್ಸಿನವರಿಗಿದ್ದಷ್ಟು ಲಾರಿಯವರಿಗೆ ಇರಲಿಲ್ಲ, ಲಾರಿಯಲ್ಲಿ ಐವತ್ತು ಗಿರಾಕಿ ಇಳಿಯುವುದಿಲ್ಲವಲ್ಲ.

ಮನೆಯ ಕಡೆಯ ಕಥೆ ಶುರುವಾಗುವುದೇ ಹೆಣ್ಣು ಕೊಡುವವರ ಅನುಮಾನದಿಂದ. ‘ಡ್ರೈವರಾ?’ ಎಂಬ ಒಂದು ಪದದಲ್ಲಿ ಕುಡಿತ, ದಾರಿಯ ಸಹವಾಸ, ಅಪಘಾತ ಎಲ್ಲವೂ ಅಡಗಿರುತ್ತಿತ್ತು. ಎಚ್‌ಐವಿ ಸುದ್ದಿ ಬಂದ ಮೇಲಂತೂ ಲಾರಿಯವರು ಎಂದರೆ ರೋಗದ ವಾಹಕರು ಎಂಬಂತೆ ಊರು ನೋಡಿತು. 2000ದ ದಶಕದಲ್ಲಿ ಹೆದ್ದಾರಿಯ ಲಾರಿ ನಿಲ್ದಾಣಗಳಲ್ಲಿ ‘ಖುಷಿ’ ಕ್ಲಿನಿಕ್ಕುಗಳು ತೆರೆದು ಡ್ರೈವರುಗಳಿಗೆ ತಪಾಸಣೆ, ತಿಳಿವಳಿಕೆ ಕೊಟ್ಟವು. ಊರಿನಲ್ಲಿ ಕಾಯುತ್ತಿದ್ದ ಹೆಂಡತಿಗೆ ಆ ಭಯವನ್ನು ಹೇಳಿಕೊಳ್ಳಲು ಯಾವ ಕ್ಲಿನಿಕ್ಕೂ ಇರಲಿಲ್ಲ.

ಮದುವೆಯಾದ ಮೇಲೆ ಮನೆ ನಡೆಸಿದ್ದು ಅವಳೇ. ರೇಷನ್ ಕಾರ್ಡಿನ ಸಾಲು, ಮಕ್ಕಳ ಫೀಜು, ಅತ್ತೆಯ ಕಾಯಿಲೆ, ಚೀಟಿ ಹಣ, ಎಲ್ಲವೂ ಅವಳ ತಲೆಯ ಮೇಲೆ. ಗಂಡ ಎಲ್ಲಿದ್ದಾನೆಂಬ ಸುದ್ದಿ ಎದುರಿನಿಂದ ಬಂದ ಅದೇ ಊರಿನ ಲಾರಿಯವರಿಂದ ತಿಳಿಯುತ್ತಿತ್ತು: ‘ಅಕ್ಕಾ, ಅಣ್ಣನ ಗಾಡಿ ನಿಪ್ಪಾಣಿ ಹತ್ರ ಸಿಕ್ತು, ನಾಡಿದ್ದು ಬರ್ತಾರೆ.’ ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳ ಕಾಲ. ಮನೆಯಲ್ಲಿ ಫೋನಿಲ್ಲದವರು ಅಂಗಡಿಯವರ ನಂಬರನ್ನೇ ‘ಪಿಪಿ’ ಎಂದು ಕೊಡುತ್ತಿದ್ದರು. ಫೋನು ಬಂದರೆ ಅಂಗಡಿ ಹುಡುಗ ಓಡಿ ಬಂದು ಕರೆಯಬೇಕು, ಅವಳು ಸೆರಗು ಸರಿಮಾಡಿಕೊಂಡು ಓಡಬೇಕು, ಅಷ್ಟರಲ್ಲಿ ಬೂತಿನ ಮೀಟರು ಬತ್ತಾವನ್ನು ತಿನ್ನುತ್ತಿರುತ್ತದೆ. 2003ರಲ್ಲಿ ಮೊಬೈಲಿನ ಒಳಬರುವ ಕರೆ ಉಚಿತವಾದದ್ದು ಈ ಸಂಸಾರಗಳಿಗೆ ದೊಡ್ಡ ಬಿಡುಗಡೆ.

ಬರಿಗೈಯಲ್ಲಿ ಮನೆಗೆ ಬರುವ ಪದ್ಧತಿ ಇರಲಿಲ್ಲ. ಕೊಲ್ಹಾಪುರದ ಚಪ್ಪಲಿ, ನಾಗಪುರದ ಕಿತ್ತಳೆ, ಧಾರವಾಡದ ಪೇಢೆ, ಚನ್ನಪಟ್ಟಣದ ಬಣ್ಣದ ಬುಗುರಿ. ಬೀದಿಯ ಬೇರೆ ಮಕ್ಕಳು ಭೂಪಟದಲ್ಲಿ ಕಲಿತ ಊರುಗಳನ್ನು ಡ್ರೈವರನ ಮಕ್ಕಳು ತಿಂದು ಕಲಿತರು. ಆದರೆ ಅಪ್ಪನ ಗುರುತು ಹತ್ತದೆ ಅಳುವ ಕೂಸನ್ನು ಎತ್ತಿಕೊಳ್ಳಲಾಗದೆ ಅಂಗಳದಲ್ಲಿ ನಿಂತವರೂ ಇವರೇ. ಮಗುವಿಗೆ ಗುರುತು ಹತ್ತುವ ಹೊತ್ತಿಗೆ ಮುಂದಿನ ಲೋಡು ಸಿದ್ಧ.

ವರ್ಷಕ್ಕೊಂದು ದಿನ ಮಾತ್ರ ಲಾರಿಯೂ ಸಂಸಾರವೂ ಒಂದೇ ಕಡೆ. ಆಯುಧಪೂಜೆಗೆ ಎಲ್ಲಿದ್ದರೂ ಊರು ಸೇರಬೇಕು. ಕೆರೆಯಂಗಳದಲ್ಲಿ ಗಾಡಿ ತೊಳೆದು, ಬಂಪರಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಸರ ಬಿಟ್ಟು, ಕ್ಲೀನರಿಗೆ ಹೊಸ ಬಟ್ಟೆ ಕೊಟ್ಟು, ಬೂದುಗುಂಬಳಕ್ಕೆ ಕುಂಕುಮ ತುಂಬಿ ನಿವಾಳಿಸಿ ಒಡೆಯುತ್ತಾರೆ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಗಾಡಿ ಮುಂದೆ ಸರಿದಾಗ ‘ಪಚ್’ ಎಂದರೆ ವರ್ಷದ ದೃಷ್ಟಿ ಹೋಯಿತು. ಆಮೇಲೆ ಹೆಂಡತಿ ಮಕ್ಕಳು, ಅಕ್ಕಪಕ್ಕದ ಹುಡುಗರೆಲ್ಲ ಹತ್ತಿ ಊರ ತುಂಬ ಒಂದು ಸುತ್ತು. ಮಾಲೀಕನ ಮಕ್ಕಳ ಹೆಸರು ಗಾಡಿಯ ನೆತ್ತಿಯ ಮೇಲೆ ದೊಡ್ಡದಾಗಿ ಇರುತ್ತಿತ್ತು. ಡ್ರೈವರನ ಮಕ್ಕಳ ಹೆಸರು, ಮಾಲೀಕ ಒಪ್ಪಿದರೆ, ಬಾಗಿಲ ಒಳಬದಿಯಲ್ಲೋ ಡೀಸೆಲ್ ಟ್ಯಾಂಕಿನ ಮೇಲೋ ಸಣ್ಣಗೆ. ಸ್ವಂತ ಗಾಡಿ ಮಾಡಿ ಆ ಹೆಸರನ್ನು ಮೇಲಕ್ಕೆ ಏರಿಸುವುದೇ ಇವರ ಕನಸು. ಗದಗದಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಶುರುವಾದ ವಿಆರ್‌ಎಲ್ ದೇಶದ ದೊಡ್ಡ ಸಾರಿಗೆ ಕಂಪನಿಗಳಲ್ಲೊಂದಾದ ಕಥೆ ಕಣ್ಣೆದುರೇ ಇತ್ತು, ಅದರ ಮೇಲೆ 2022ರಲ್ಲಿ ಸಿನಿಮಾವೂ ಬಂತು. ಒಂದು ಲಾರಿ ಒಂದೇ ಲಾರಿಯಾಗಿ ಉಳಿದು, ಫೈನಾನ್ಸಿನವರ ಕಂತು ತಪ್ಪಿ ಸೀಜ್ ಆದ ಕಥೆಗಳು ಊರೂರಲ್ಲಿ ಇವೆ. ಅವುಗಳ ಸಿನಿಮಾ ಯಾರೂ ತೆಗೆಯುವುದಿಲ್ಲ.

ಹಳೆಯ ರಾಷ್ಟ್ರೀಯ ಹೆದ್ದಾರಿ 4 ಊರುಗಳ ಹೊಟ್ಟೆಯೊಳಗೇ ಹಾದುಹೋಗುತ್ತಿತ್ತು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ಶಿರಾದ ಡ್ರೈವರ್ ಊರ ಹತ್ತಿರ ಬಂದಾಗ ತನ್ನದೇ ಲಯದಲ್ಲಿ ಹಾರ್ನ್ ಒತ್ತಿದರೆ ಮನೆಯವರಿಗೆ ತಿಳಿಯುತ್ತಿತ್ತು. ರಸ್ತೆಯ ಬದಿಗೆ ಊಟದ ಡಬ್ಬಿ ಬರುತ್ತಿತ್ತು, ಜೊತೆಗೆ ಮಗುವೂ. ಎಂಜಿನ್ ಆರಿಸದೆ ಹತ್ತು ನಿಮಿಷ, ಅಷ್ಟರಲ್ಲೇ ಜ್ವರ, ಪರೀಕ್ಷೆ, ಸಾಲ ಎಲ್ಲದರ ಮಾತು. 2000ದ ದಶಕದಲ್ಲಿ ಸುವರ್ಣ ಚತುಷ್ಪಥ ಬಂತು, ಇಕ್ಕೆಲದ ಮರಗಳು ಹೋದವು, ಊರುಗಳಿಗೆ ಬೈಪಾಸ್ ಆಯಿತು. ರಸ್ತೆ ನೇರವಾಯಿತು, ಎದುರುಬದುರು ಡಿಕ್ಕಿಯ ಭಯ ಇಳಿಯಿತು, ಟ್ರಿಪ್ಪಿನ ಹೊತ್ತೂ ಉಳಿಯಿತು. ಇದನ್ನು ಯಾವ ಡ್ರೈವರೂ ಅಲ್ಲಗಳೆಯುವುದಿಲ್ಲ. ಆದರೆ ಸ್ವಂತ ಊರಿನ ದೀಪಗಳನ್ನು ದೂರದಿಂದ ನೋಡುತ್ತ ಮೇಲ್ಸೇತುವೆಯ ಮೇಲೆ ಹಾದುಹೋಗುವುದು ಹೊಸ ಅಭ್ಯಾಸ. ಹಾರ್ನ್ ಒತ್ತಿದರೂ ಅಲ್ಲಿಗೆ ಕೇಳುವುದಿಲ್ಲ.

ಅದೇ ಹೊತ್ತಿಗೆ ಬಳ್ಳಾರಿಯ ಅದಿರು. ಚೀನಾ ಕೊಳ್ಳತೊಡಗಿದ್ದರಿಂದ ಹೊಸಪೇಟೆ, ಸಂಡೂರಿನಿಂದ ಬೇಲೆಕೇರಿ, ಕಾರವಾರ, ಮಂಗಳೂರು ಬಂದರುಗಳಿಗೆ ಹಗಲೂರಾತ್ರಿ ಲಾರಿಗಳ ಸಾಲು ಹರಿಯಿತು. ಮಿತಿಮೀರಿದ ಲೋಡು, ಕೆಂಪು ಧೂಳು, ಕೆತ್ತಿಹೋದ ರಸ್ತೆ, ಜೊತೆಗೆ ಅದುವರೆಗೆ ಕಾಣದಿದ್ದ ದುಡ್ಡು. ವರ್ಷಗಟ್ಟಲೆ ಬತ್ತಾ ಉಳಿಸಿ ಜಾಗ್ರತೆಯಿಂದ ಬಾಳಿದ್ದವರೂ ಸಾಲ ಮಾಡಿ ಟಿಪ್ಪರ್ ಕೊಂಡರು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು, 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನೆಲಕ್ಕಾದ ಗಾಯದ ಮುಂದೆ ಅದು ಆಗಲೇಬೇಕಿದ್ದ ತೀರ್ಪು. ಅದರ ಬಿಸಿ ಮೊದಲು ತಟ್ಟಿದ್ದು ಮಾತ್ರ ಕಂತು ಕಟ್ಟಬೇಕಿದ್ದ ಒಂದು ಗಾಡಿಯವನಿಗೆ. ಹೊಸಪೇಟೆಯ ಸುತ್ತಿನ ಖಾಲಿ ಜಾಗಗಳಲ್ಲಿ ಲಾರಿಗಳು ಸಾಲಾಗಿ ನಿಂತು ತುಕ್ಕು ಹಿಡಿದವು.

ಸ್ಟೇರಿಂಗ್ ಬಿಡಿಸುವುದು ಸಾಮಾನ್ಯವಾಗಿ ಕಣ್ಣು. ಹೆವಿ ಲೈಸೆನ್ಸನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು, ಪ್ರತಿ ಸಲವೂ ವೈದ್ಯರ ಪ್ರಮಾಣಪತ್ರ. ಪೊರೆ ಬರತೊಡಗಿದಾಗ ಎದುರಿನ ಹೆಡ್‌ಲೈಟು ಒಂದಿದ್ದದ್ದು ಹತ್ತಾಗಿ ಕಾಣುತ್ತದೆ. ಮೊದಲು ರಾತ್ರಿ ಟ್ರಿಪ್ ಬಿಡುತ್ತಾರೆ, ಆಮೇಲೆ ದೂರದ ಟ್ರಿಪ್. ಕೊನೆಗೆ ಊರಿನೊಳಗೇ ಇಟ್ಟಿಗೆ, ಮರಳು ಹೊಡೆಯುವ ಹಳೇ ಗಾಡಿ. ಸೊಂಟ, ಮಂಡಿ, ಬಲಗಿವಿ ಒಂದೊಂದಾಗಿ ಕೈಕೊಡುತ್ತವೆ. ಹೆಚ್ಚಿನವರಿಗೆ ಪಿಎಫ್ ಇರಲಿಲ್ಲ, ಪಿಂಚಣಿ ಇರಲಿಲ್ಲ. ಮಕ್ಕಳು ಈ ಕಸುಬಿಗೆ ಬರಬಾರದೆಂಬುದು ತಂದೆಯರ ಒಂದೇ ಹಟ, ಅದು ಬಹುಮಟ್ಟಿಗೆ ಗೆದ್ದಿತು ಕೂಡ. ಇಂದು ಇದೇ ಊರುಗಳ ಎಷ್ಟೋ ಲಾರಿಗಳನ್ನು ಓಡಿಸುವವರು ಬಿಹಾರ, ಜಾರ್ಖಂಡಿನಿಂದ ಬಂದವರು. ಕ್ಲೀನರ್ ಎಂಬ ಹುಡುಗ ಕ್ಯಾಬಿನ್ನಿನಿಂದಲೇ ಮಾಯವಾಗಿದ್ದಾನೆ.

ಸ್ಟೇರಿಂಗ್ ಬಿಡುವ ಮೊದಲೇ ದಾರಿಯಲ್ಲಿ ಹೋದವರ ಲೆಕ್ಕ ಬೇರೆ. ಎಲ್ಲವೂ ಡಿಕ್ಕಿಯಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಒಂದು ಲಾರಿಯನ್ನು ನದಿಯ ತಳದಿಂದ ಎತ್ತುವಾಗ ಎರಡು ತಿಂಗಳು ದಾಟಿತ್ತು. ಅಲ್ಲಿ ಯಾರೂ ಅಡ್ಡಾದಿಡ್ಡಿ ಓಡಿಸಿರಲಿಲ್ಲ.

ದುಡಿಮೆಯ ನಡುವೆ ತೀರಿಕೊಂಡ ಡ್ರೈವರನ ಕುಟುಂಬಕ್ಕೆ ಪರಿಹಾರ ನಿಗದಿಯಾಗುತ್ತಿದ್ದುದು 1923ರ ಕಾಯಿದೆಯ ಲೆಕ್ಕದಲ್ಲಿ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕೆಯಿಂದ ಗುಣಿಸಬೇಕಿತ್ತು. 45 ವರ್ಷದವನಿಗೆ ಆ ಅಂಕೆ 169.44. ಕೂಲಿ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವ ಮಿತಿ 2010ರಿಂದ 8,000, 2020ರಿಂದ 15,000 ರೂಪಾಯಿ. ತೊಡಕು ಬರುತ್ತಿದ್ದುದು ‘ಕೂಲಿ’ ಎಂಬ ಪದದಲ್ಲಿ. ಕಾಯಿದೆಯ ವ್ಯಾಖ್ಯೆ ಪ್ರಯಾಣದ ಭತ್ಯೆಯನ್ನು ಕೂಲಿಯಿಂದ ಹೊರಗಿಟ್ಟಿತ್ತು. ಹಾಗಾಗಿ ಬತ್ತಾ ಒಳಗೋ ಹೊರಗೋ ಎಂಬುದೇ ವ್ಯಾಜ್ಯ. ಉದಾಹರಣೆಗೆ ಸಂಬಳ 9,000, ಬತ್ತಾ 6,000 ಎಂದಿಟ್ಟುಕೊಂಡರೆ, ಬತ್ತಾ ಸೇರಿಸಿದಾಗ ಪರಿಹಾರ 12,70,800 ರೂಪಾಯಿ, ಬಿಟ್ಟರೆ 7,62,480. ನಡುವಿನ ಅಂತರ 5 ಲಕ್ಷಕ್ಕೂ ಹೆಚ್ಚು. ಬದುಕಿದ್ದಾಗ ಮನೆಗೆ ಬಾರದಂತೆ ದಾರಿಯಲ್ಲೇ ಕರಗುತ್ತಿದ್ದ ದುಡ್ಡು, ಸತ್ತ ಮೇಲೆ ಮನೆಯ ಲೆಕ್ಕಕ್ಕೆ ಬರಬೇಕೋ ಬೇಡವೋ ಎಂದು ವಕೀಲರು ವಾದಿಸುತ್ತಿದ್ದರು.

ವಾದಕ್ಕೆ ದಾಖಲೆ ಬೇಕು. ಮಾಲೀಕನ ಪುಸ್ತಕದಲ್ಲಿ ಸಂಬಳ ಇದ್ದದ್ದಕ್ಕಿಂತ ಕಡಿಮೆ, ಬತ್ತಾದ ಸುದ್ದಿಯೇ ಇಲ್ಲ. ಆಗ ಹೆಂಡತಿ ಟ್ರಂಕಿನಿಂದ ತೆಗೆದು ತರುತ್ತಿದ್ದುದು ಲೈಸೆನ್ಸು, ಬ್ಯಾಂಕಿನ ಪಾಸ್‌ಬುಕ್ಕು, ಮತ್ತು ಅಂಗಿ ಜೇಬಿನ ಆ ಪುಟ್ಟ ಪುಸ್ತಕಗಳ ಕಟ್ಟು. ಎಣ್ಣೆಗೈಯ ಗುರುತು, ನೀರು ಬಿದ್ದು ಹರಡಿದ ನೀಲಿ ಶಾಯಿ, ದೇವರ ಹೆಸರಿನ ಕೆಳಗೆ ತಾರೀಕು. ಡೀಸೆಲ್ ಇಷ್ಟು, ಗಾಳಿ ಇಷ್ಟು, ಹಮಾಲಿ ಇಷ್ಟು, ಬತ್ತಾ ಇಷ್ಟು. ಪುಟದ ಅಡಿಯಲ್ಲಿ ಗೆರೆ ಎಳೆದು: ಮನೆಗೆ ಇಷ್ಟು.